ಮೀನು ಬರೋ ತನಕ ಕಾಲೂರಬಾರದು

ಕಲ್ಲೇಶಪ್ಪ ಮೇಷ್ಟ್ರು ಅರಸೀಕೆರೆಯ ತರಬೇತಿ ಮುಗಿಸಿಕೊಂಡು ಊರಿಗೆ ಮರಳಿದಾಗ ಅವರ ಅಂಗಿಯ ಜೇಬಿನ ಮೇಲೆ ಒಂದು ಬಿಲ್ಲೆ ನೇತಾಡುತ್ತಿತ್ತು. ತರಬೇತಿಗೆ ಹೋದ ಎಲ್ಲ ಮೇಷ್ಟ್ರುಗಳಿಗೂ ಅದನ್ನು ಕೊಟ್ಟಿದ್ದರು. ಕಡೆಯ ದಿನ ಎಲ್ಲರೂ ಬಿಚ್ಚಿ ಮೇಜಿನ ಮೇಲಿಟ್ಟು ಬಂದಿದ್ದರು. ಕಲ್ಲೇಶಪ್ಪನವರು ಮರೆತಿದ್ದರು. ಮರೆತದ್ದು ನೆನಪಾದದ್ದು ಬಸ್ಸು ಜಾವಗಲ್ ದಾಟುವಾಗ. ಆಗಲೂ ಬಿಚ್ಚಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಕಂಡಕ್ಟರು ಆ ಬಿಲ್ಲೆಯನ್ನು ಒಮ್ಮೆ ನೋಡಿ, ಇವರು ಚೆಕಿಂಗ್‌ನವರಿರಬೇಕೆಂದು ಹೆದರಿ, ಹಿಂದಿನ ಸೀಟಿನವರನ್ನೆಲ್ಲ ಕರೆದು ಕರೆದು ಟಿಕೆಟ್ಟು ಹರಿದುಕೊಟ್ಟಿದ್ದ. ಮನುಷ್ಯನ ಬದುಕಿನಲ್ಲಿ ಅಂಥ ಗೌರವ ಪದೇ ಪದೇ ಸಿಗುವುದಿಲ್ಲ. ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಳ್ಳುವಷ್ಟು ವೈರಾಗ್ಯ ಮೇಷ್ಟ್ರಿಗಿರಲಿಲ್ಲ.

ಅವರ ಸ್ಕೂಲಿದ್ದದ್ದು ಹಳೇಬೀಡು ದಾಟಿ ಹುಲಿಕೆರೆಯ ಕಡೆ ತಿರುಗಿದರೆ ಸಿಗುವ ಕಟ್ಟೆಕೊಪ್ಪಲಿನಲ್ಲಿ. ಎರಡು ಕೋಣೆ, ಒಂದು ಜಗಲಿ. ಜಗಲಿಯಲ್ಲಿ ಅಂಗನವಾಡಿ. ಹೆಡ್‌ಮಾಸ್ಟರೂ ಅವರೇ, ಮಾಸ್ಟರೂ ಅವರೇ. ರಜಾ ಅರ್ಜಿ ಬರೆಯುವವರೂ ಅವರೇ, ಅದನ್ನು ಮಂಜೂರು ಮಾಡುವ ಮುಂಚೆ ಸ್ವಲ್ಪ ಹೊತ್ತು ಯೋಚಿಸುವವರೂ ಅವರೇ.

ಅರಸೀಕೆರೆಯಲ್ಲಿ ತರಬೇತಿ ಕೊಟ್ಟವರು ಯಶೋಧರಾ ಮೇಡಂ. ನಾಲಿಗೆಗೆ ಅಕ್ಷರ ಇರುವ ಹಾಗೆಯೇ ಮೈಗೂ ಅಕ್ಷರ ಇದೆ ಎಂದು ಅವರು ಹೇಳಿದ್ದರು. ನೆಗೆಯುವುದು, ಕುಂಟುವುದು, ಎಸೆಯುವುದು, ಹಿಡಿಯುವುದು, ಬೀಳದೆ ನಿಲ್ಲುವುದು, ಇವೆಲ್ಲ ಮೈಯ ಅ ಆ ಇ ಈ. ಚಿಕ್ಕಂದಿನಲ್ಲಿ ಇವನ್ನು ತಿದ್ದಿಕೊಳ್ಳದಿದ್ದರೆ ಮುಂದೆ ಮೈ ಅನಕ್ಷರಸ್ಥವಾಗಿ ಉಳಿಯುತ್ತದೆ. ಹಾಗೆಂದು ಸಾಲಿನಲ್ಲಿ ನಿಲ್ಲಿಸಿ ಕವಾಯತು ಮಾಡಿಸಿದರೆ ಮಕ್ಕಳಿಗೆ ಬೇಸರ. ಆದ್ದರಿಂದ ವಾರಕ್ಕೊಂದು ವಿಷಯ ಇಟ್ಟುಕೊಳ್ಳಬೇಕು. ಸಂತೆ ಎಂದರೆ ಮೂಟೆ ಹೊರುವುದು, ಕಾಡು ಎಂದರೆ ಹಾವಿನ ಹಾಗೆ ಹರಿಯುವುದು, ಕೆರೆ ಎಂದರೆ ಕಪ್ಪೆ, ಕೊಕ್ಕರೆ, ಮೀನು. ಇದಕ್ಕೆ ದೈಹಿಕ ಸಾಕ್ಷರತೆ ಎಂದು ಹೆಸರು.

ಕೆರೆಯ ಸರದಿ ಬಂದಾಗ ತರಬೇತಿಯ ಮೇಷ್ಟ್ರುಗಳೆಲ್ಲ ಕಪ್ಪೆಯಾಗಿ ನೆಗೆದರು. ಕಲ್ಲೇಶಪ್ಪನವರು ಎರಡನೆಯ ನೆಗೆತಕ್ಕೇ ಪ್ಯಾಂಟಿನ ಹೊಲಿಗೆಯ ಕಡೆಯಿಂದ ಒಂದು ಸದ್ದು ಕೇಳಿಸಿಕೊಂಡು ಕೂತುಬಿಟ್ಟರು. ಕೊಕ್ಕರೆಯಾಗಿ ಒಂಟಿಕಾಲಲ್ಲಿ ನಿಲ್ಲೆಂದರೆ ಪಕ್ಕದವರ ಹೆಗಲು ಹಿಡಿದರು. ಕೊನೆಗೆ ಮಲಗಿಕೊಂಡೇ ಮಾಡಬಹುದಾದ ಮೀನಿನ ಪಾತ್ರ ಅವರಿಗೆ ಸಿಕ್ಕಿತು. ನೀಲಿ ಬಟ್ಟೆ ಹಾಸಿದ ನೆಲದ ಮೇಲೆ ಅವರು ಬಾಯಿ ತೆರೆದು ಮುಚ್ಚುತ್ತ, ಸೊಂಟ ತಿರುಗಿಸುತ್ತ ಈಜಿದ ಈಜಿಗೆ ಮೇಡಂ ಚಪ್ಪಾಳೆ ತಟ್ಟಿದರು. ಮಂಗಳವಾರ ನಿಮ್ಮ ಸ್ಕೂಲಿಗೇ ಬಂದು ನೋಡುತ್ತೇನೆ, ಚೆನ್ನಾಗಿದ್ದರೆ ಬೇಲೂರಿನ ತರಬೇತಿಗೆ ನಿಮ್ಮನ್ನೇ ಸಂಪನ್ಮೂಲ ವ್ಯಕ್ತಿ ಮಾಡುತ್ತೇನೆ ಎಂದರು. ಸಂಪನ್ಮೂಲ ವ್ಯಕ್ತಿ ಎಂದರೆ ಮಾಡಬೇಕಾದ್ದನ್ನು ಇನ್ನೊಬ್ಬರಿಗೆ ಹೇಳಿಕೊಟ್ಟು ತಾನು ಮಾಡದೆ ಇರಬಹುದಾದ ವ್ಯಕ್ತಿ ಎಂದು ಮೇಷ್ಟ್ರು ತಿಳಿದಿದ್ದರು. ಅಂಥದೊಂದು ಹುದ್ದೆಗಾಗಿ ಅವರು ಕೆಲಸಕ್ಕೆ ಸೇರಿದ ದಿನದಿಂದ ಕಾಯುತ್ತಿದ್ದರು.

ಮನೆಗೆ ಬಂದ ದಿನವೇ ಸಂಜೆ ಅಭ್ಯಾಸಕ್ಕೆಂದು ನಡುಮನೆಯಲ್ಲಿ ಚಾಪೆ ಹಾಸಿ ಮೀನಾದರು. ದೀಪ ಹಚ್ಚಲು ಬಂದ ಹೆಂಡತಿ ವಿಶಾಲಮ್ಮ, ಗಂಡ ಕೈಗಳನ್ನು ಮೈಗಂಟಿಸಿಕೊಂಡು, ಬಾಯಿ ಕಳೆದು ಒದ್ದಾಡುವುದನ್ನು ನೋಡಿದರು. ಅವರು ಕೂಗಿಕೊಳ್ಳಲಿಲ್ಲ. ಅವರ ತವರಿನಲ್ಲಿ ಒಬ್ಬ ಚಿಕ್ಕಪ್ಪನಿಗೆ ಹೀಗೇ ಮೂರ್ಛೆ ಬರುತ್ತಿತ್ತು. ಓಡಿಹೋಗಿ ಬೀಗದ ಕೈ ಗೊಂಚಲು ತಂದು ಗಂಡನ ಅಂಗೈಯಲ್ಲಿ ಒತ್ತಿ ಹಿಡಿದರು.

"ನಾನು ಮೀನು ಕಣೇ" ಎಂದರು ಮೇಷ್ಟ್ರು.

ವಿಶಾಲಮ್ಮ ಇನ್ನೊಂದು ಕೈಗೂ ಕುಡುಗೋಲು ತಂದುಕೊಟ್ಟರು.

ವಿವರಿಸಿ ಹೇಳಲು ಅರ್ಧ ಸಂಜೆ ಹಿಡಿಯಿತು. ಕೇಳಿದ ಮೇಲೆ ವಿಶಾಲಮ್ಮ ಹೇಳಿದ್ದು ಇಷ್ಟೇ. ಏನಾದರೂ ಆಗಿ, ಆದರೆ ಆಗುವ ಮುಂಚೆ ಕನ್ನಡಕ ನನ್ನ ಕೈಗೆ ಕೊಡಿ, ಹೋದ ಸಲ ಒಡೆದದ್ದನ್ನು ಹಾಕಿಸಲು ಹಾಸನಕ್ಕೇ ಹೋಗಬೇಕಾಯಿತು.

ಇದಾದ ಮರುದಿನ ಭಾನುವಾರ, ಪಲ್ಸ್ ಪೋಲಿಯೊ. ಸ್ಕೂಲಿನ ಜಗಲಿಯೇ ಬೂತು, ಮೇಷ್ಟ್ರೇ ಹನಿ ಹಾಕುವವರು. ಅವರ ಮೇಲೆ ನರ್ಸ್ ಲತಾಮಣಿ.

ಲತಾಮಣಿ ಗೆಂಡೆಹಳ್ಳಿಯ ಹುಡುಗಿ. ಟಿವಿಎಸ್ ಗಾಡಿಯ ಹಿಂದೆ ಐಸ್ ಡಬ್ಬ ಕಟ್ಟಿಕೊಂಡು ಊರೂರು ಸುತ್ತುವವಳು. ಅವಳ ತಮ್ಮ ಪೋಲಿಯೊ ಬಂದು ಕೈಯೂರಿ ತೆವಳಿಕೊಂಡೇ ಬೆಳೆದವನು. ಆ ಮಾತನ್ನು ಅವಳು ಬೇರೆಯವರ ಮನೆ ಬಾಗಿಲಲ್ಲಿ ತೆಗೆಯುತ್ತಿರಲಿಲ್ಲ. ಆದರೆ ಯಾವ ಬಾಗಿಲನ್ನೂ ಬಿಡುತ್ತಲೂ ಇರಲಿಲ್ಲ. ಕಟ್ಟೆಕೊಪ್ಪಲಿನಲ್ಲಿ ಅವಳಿಗೆ ಒಲಿಯದಿದ್ದದ್ದು ಬೋರಯ್ಯನ ಕೇರಿ ಒಂದೇ. ಬೋರಯ್ಯ ತೆಂಗು, ರಾಗಿ ಇಟ್ಟುಕೊಂಡು ನೆಮ್ಮದಿಯಾಗಿದ್ದ ಮನುಷ್ಯ. ಊರಿನಲ್ಲಿ ಅವನು ಕೆಮ್ಮಿದರೆ ನಾಲ್ಕು ಜನ ನಿಂತು ಕೇಳುತ್ತಿದ್ದರು. ಅವನ ಮೊಮ್ಮಗಳು ಸಿರಿ ಅಂಗನವಾಡಿಗೆ ಹೋಗುವ ಮಗು. ಬಾಯಿಗೆ ಹನಿ ಬಿಟ್ಟರೆ ಕಾಲು ಹೇಗೆ ಗಟ್ಟಿಯಾಗುತ್ತದೆ, ಬಿಡುವುದಾದರೆ ಕಾಲಿಗೇ ಬಿಡಿ ಎಂಬುದು ಬೋರಯ್ಯನ ವಾದ. ಅವನು ಒಪ್ಪದ್ದರಿಂದ ಅವನ ಕೇರಿಯೂ ಒಪ್ಪಿರಲಿಲ್ಲ. ಲತಾಮಣಿ ಅವನ ಮನೆಗೆ ಎಷ್ಟು ಸಲ ಹೋದಳೆಂದರೆ ಬೋರಯ್ಯನ ನಾಯಿ ಅವಳ ಗಾಡಿಗೆ ಬೊಗಳುವುದನ್ನೇ ಬಿಟ್ಟಿತ್ತು. ಕೊನೆಗೆ ಈ ಭಾನುವಾರ ಮುದುಕ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ. ಬಂದು, ಬೂತಿನ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಒಂದು ಮಾತು ಕೇಳಿದ.

"ನಾಳೆ ನಮ್ಮ ಮಗೀನ ಕಾಲಿಗೆ ಏನಾರ ಆದ್ರೆ?"

"ಆದ್ರೆ ನಾನು ಈ ಊರಿಗೆ ಮತ್ತೆ ಕಾಲಿಡಲ್ಲ ಅಜ್ಜ" ಎಂದಳು ಲತಾಮಣಿ. "ಈ ಡಬ್ಬಾನೂ ತರಲ್ಲ."

ಇಡೀ ಕೇರಿ ಅದಕ್ಕೆ ಸಾಕ್ಷಿ. ಆ ಮಾತಿನ ಮೇಲೆ ಸಿರಿ ಬಾಯಿ ತೆರೆದಳು. ಮೇಷ್ಟ್ರು ಬಾಟಲಿ ಒತ್ತಿದರು. ಎರಡು ಹನಿ ಬಿತ್ತು. ಮೇಷ್ಟ್ರ ಬೆರಳು ಸ್ವಲ್ಪ ದಪ್ಪ. ಮೂರನೆಯದೂ ಬಿತ್ತು. ಯಾರೂ ನೋಡಲಿಲ್ಲ. ಮೇಷ್ಟ್ರು ಮಾತ್ರ ನೋಡಿದರು, ಮತ್ತು ಮುಂದಿನ ಮಗುವನ್ನು ಕರೆದರು.

ಸೋಮವಾರ. ಅಂಗನವಾಡಿಯ ಮಾದಮ್ಮ ತಂಗಿಯ ಮಗುವಿನ ನಾಮಕರಣವೆಂದು ಹೋಗಿದ್ದಳು. ಹಾಗಾಗಿ ಜಗಲಿಯ ಪುಟಾಣಿಗಳೂ ಐದು ತುಂಬದೆಯೇ ಒಂದನೇ ತರಗತಿಗೆ ಬಂದು ಕೂತಿದ್ದವರೂ ಸೇರಿ ಮೇಷ್ಟ್ರ ಪಾಲಿಗೇ ಬಂದರು. ದೊಡ್ಡ ಮಕ್ಕಳನ್ನು ಹಿಂದಿನ ತೆಂಗಿನ ಸಸಿಗಳಿಗೆ ನೀರು ಹಾಕಲು ಕಳಿಸಿ, ಮೇಷ್ಟ್ರು ಬಾಗಿಲು ಮುಂದೆ ಮಾಡಿಕೊಂಡು ನಾಳಿನ ಪ್ರದರ್ಶನದ ತಾಲೀಮು ಶುರು ಮಾಡಿದರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಕೆರೆ ಬರೆದರು. ದಡದ ಸುತ್ತ ಮಕ್ಕಳನ್ನು ನಿಲ್ಲಿಸಿದರು. ಬಲಗೈಯನ್ನು ಮೂಗಿನ ಮುಂದೆ ಚೂಪಾಗಿ ಹಿಡಿದರೆ ಅದೇ ಕೊಕ್ಕು. ಒಂದು ಕಾಲು ಮಡಚಿದರೆ ಅದೇ ಕೊಕ್ಕರೆ. ಕಾಲು ನೋವು ಬಂದರೆ ಬದಲಾಯಿಸಬಹುದು, ಕೊಕ್ಕರೆಯೂ ಬದಲಾಯಿಸುತ್ತದೆ. ಆದರೆ ಎರಡೂ ಊರುವ ಹಾಗಿಲ್ಲ. ಮಾತಾಡುವ ಹಾಗಿಲ್ಲ, ಮಾತು ಕೇಳಿದರೆ ಮೀನು ಓಡಿಹೋಗುತ್ತದೆ.

"ಯಾರು ಬಂದು ಏನೇ ಹೇಳ್ಲಿ, ಬೈಯ್ಲಿ, ತಿಂಡಿ ಕೊಡ್ಲಿ" ಎಂದರು ಮೇಷ್ಟ್ರು, "ಮೀನು ಬರೋ ತನಕ ಕಾಲೂರಬಾರದು. ಮೀನು ಹಿಡಿದೋರು ನಾಳೆಯಿಂದ ಬೆಲ್ ಹೊಡೀಬಹುದು."

ಕಟ್ಟೆಕೊಪ್ಪಲಿನ ಬೆಲ್ಲು ಎಂದರೆ ಹೊಂಗೆ ಮರಕ್ಕೆ ನೇತುಹಾಕಿದ ಒಂದು ತುಂಡು ರೈಲುಕಂಬಿ. ಅದನ್ನು ಹೊಡೆಯುವುದು ನಾಲ್ಕನೇ ತರಗತಿಯವರ ಹಕ್ಕು. ಚಿಕ್ಕವರು ಅದರ ಹತ್ತಿರ ಸುಳಿದರೂ ತಲೆಗೆ ಮೊಟಕುತ್ತಿದ್ದರು. ಬೆಲ್ಲಿನ ಮಾತು ಕಿವಿಗೆ ಬಿದ್ದದ್ದೇ ತಡ, ಮಕ್ಕಳ ಮುಖಗಳು ಗಂಭೀರವಾದವು. ಸಿರಿಯಂತೂ ಉಸಿರು ಬಿಡುವುದನ್ನೇ ಕಡಿಮೆ ಮಾಡಿದಳು.

ಇನ್ನು ಮೀನು ಬರಬೇಕು. ಮೇಷ್ಟ್ರು ನೆಲ ನೋಡಿದರು, ಇಸ್ತ್ರಿ ಮಾಡಿದ ಪ್ಯಾಂಟು ನೋಡಿಕೊಂಡರು. ಅರಸೀಕೆರೆಯಲ್ಲಿ ನೀಲಿ ಬಟ್ಟೆ ಇತ್ತು. ಇಲ್ಲಿ ಸೀಮೆಸುಣ್ಣದ ಪುಡಿ ಮತ್ತು ನಿನ್ನೆಯ ಉಪ್ಪಿಟ್ಟಿನ ಕಾಳು. ಹೀಗೆ ಅವರು ಯೋಚಿಸುತ್ತಿದ್ದ ಹೊತ್ತಿಗೆ ಸರಿಯಾಗಿ ಹೊರಗೆ ಹನ್ನೆರಡು ಗಂಟೆಯ ಬೇಲೂರಿನ ಬಸ್ಸು ಹಾರ್ನ್ ಹೊಡೆಯಿತು. ಆ ಬಸ್ಸು ಕಟ್ಟೆಕೊಪ್ಪಲಿನಲ್ಲಿ ಎಂದೂ ನಿಂತದ್ದಲ್ಲ, ನಿಧಾನ ಮಾಡಿದ್ದೂ ಕಡಿಮೆ. ಇವತ್ತು ಯಾರೋ ರಸ್ತೆಯ ತುಂಬ ಹುರುಳಿ ಸೊಪ್ಪು ಹರವಿದ್ದರಿಂದ ಚಕ್ರ ಜಾರಿ, ಸ್ಕೂಲಿನ ಮುಂದೆಯೇ ನಿಂತಿತ್ತು. ಪ್ಯಾಂಟು ಕೊಳೆಯಾಗದೆ ಉಳಿಯುವುದು, ನೀಲಿ ಬಟ್ಟೆ ಬರುವುದು, ಎರಡೂ ಒಂದೇ ಬಸ್ಸಿನಲ್ಲಿ ಸಾಧ್ಯವೆಂದು ಮೇಷ್ಟ್ರಿಗೆ ಹೊಳೆಯಿತು. ಅರ್ಧ ದಿನದ ರಜೆಯನ್ನು ತಮಗೆ ತಾವೇ ಮಂಜೂರು ಮಾಡಿಕೊಂಡರು. "ಮೀನು ತರ್ತೀನಿ, ಇರಿ" ಎಂದು ಹೇಳಿ ಓಡಿದರು.

ಬಸ್ಸಿನಲ್ಲಿ ಅವರು ಮಕ್ಕಳ ಬಗ್ಗೆ ಯೋಚಿಸಲಿಲ್ಲ ಎಂದರೆ ತಪ್ಪಾಗುತ್ತದೆ. ಆಕಾಶನೀಲಿಯೋ ಗಾಢನೀಲಿಯೋ, ಯಾವುದರ ಮೇಲೆ ಮಕ್ಕಳು ಚೆನ್ನಾಗಿ ಕಾಣಿಸುತ್ತಾರೆ ಎಂದು ದಾರಿಯುದ್ದಕ್ಕೂ ಯೋಚಿಸಿದರು. ಬೇಲೂರಿನ ಬಟ್ಟೆ ಅಂಗಡಿಯವನು ಪರದೆಗೋ ಶಾಮಿಯಾನಕ್ಕೋ ಎಂದು ಕೇಳಿದ್ದಕ್ಕೆ ಕೆರೆಗೆ ಎಂದರು. ಅವನು ಬಿಲ್ಲೆ ನೋಡಿ, ನೀರಾವರಿ ಇಲಾಖೆಯವರೆಂದು ತಿಳಿದು, ಮರು ಪ್ರಶ್ನೆ ಹಾಕದೆ ಹರಿದುಕೊಟ್ಟ.

ಸಂಜೆಯ ಮುಂಚೆ ಹಳೇಬೀಡಿನಲ್ಲಿ ಇಳಿದು ಊರಿನ ಕಡೆಯ ಟೆಂಪೊ ಹತ್ತಿದಾಗ ಎದುರಿಗೆ ಕೂತಿದ್ದ ಹೆಂಗಸು ಅಳುತ್ತಿದ್ದಳು. ವಿಚಾರಿಸಿದರೆ ಬೋರಯ್ಯನ ಹೆಂಡತಿ ರಂಗಮ್ಮನ ತಂಗಿ. ನಿನ್ನೆ ಹನಿ ಹಾಕಿಸಿಕೊಂಡ ಕಟ್ಟೆಕೊಪ್ಪಲಿನ ಮಕ್ಕಳಿಗೆಲ್ಲ ಇವತ್ತು ಮಧ್ಯಾಹ್ನದಿಂದ ಒಂದು ಕಾಲು ಹೋಗಿದೆಯಂತೆ. ಕಾಲಿನ ಜೊತೆಗೆ ಮಾತೂ ಹೋಗಿದೆಯಂತೆ. ಪಕ್ಕದಲ್ಲಿದ್ದ ಎಳನೀರಿನವನು, ಐವತ್ತು ಮಕ್ಕಳು ಎಂದ. ಕಟ್ಟೆಕೊಪ್ಪಲಿನಲ್ಲಿ ಮುದುಕರನ್ನು ಸೇರಿಸಿ ಎಣಿಸಿದರೂ ಅಷ್ಟು ಮಕ್ಕಳಿರಲಿಲ್ಲ. ಆದರೆ ಮೇಷ್ಟ್ರಿಗೆ ಲೆಕ್ಕ ತಿದ್ದುವ ಸ್ಥಿತಿ ಇರಲಿಲ್ಲ. ಅವರ ಕಣ್ಣ ಮುಂದೆ ಮೂರನೆಯ ಹನಿ ದಪ್ಪಗೆ ತೂಗಾಡುತ್ತಿತ್ತು. ಬಿಲ್ಲೆಯನ್ನು ಅವರು ಮೊದಲ ಬಾರಿಗೆ ಕೈಯಿಂದ ಮುಚ್ಚಿಕೊಂಡರು.

ಊರಿನಲ್ಲಿ ಆದದ್ದು ಹೀಗೆ. ಸಸಿಗಳಿಗೆ ನೀರು ಹಾಕಿ ಬಂದ ದೊಡ್ಡ ಹುಡುಗರು ಮೇಷ್ಟ್ರಿಲ್ಲದ್ದನ್ನು ನೋಡಿ, ಬೆಲ್ಲು ಹೊಡೆದು, ಮನೆಗೆ ಓಡಿದರು. ಕೊಕ್ಕರೆಗಳೂ ಹೊರಟವು. ಸಿರಿ ಕುಂಟುತ್ತ ಮನೆಗೆ ಬಂದಳು. ರಂಗಮ್ಮ ಅಂಗಳದಲ್ಲಿ ರಾಗಿ ತೂರುತ್ತಿದ್ದಳು. ಏನಾಯಿತೇ ಎಂದಳು. ಸಿರಿ ಮಾತಾಡಲಿಲ್ಲ. ದನಕ್ಕೆ ಇಟ್ಟಿದ್ದ ನೀರಿನ ಬಾನಿಯ ಪಕ್ಕದಲ್ಲಿ ಹೋಗಿ ನಿಂತು, ಕಣ್ಣು ಮಿಟುಕಿಸದೆ ನೀರನ್ನೇ ನೋಡತೊಡಗಿದಳು. ಮಡಚಿದ ಕಾಲನ್ನು ಎಳೆದರೆ ಹಲ್ಲು ಕಚ್ಚಿಕೊಂಡು ಇನ್ನೂ ಬಿಗಿಯಾಗಿ ಮಡಚಿದಳು. ಒಬ್ಬಟ್ಟು ತಂದು ತೋರಿಸಿದರು. ಕಣ್ಣಲ್ಲಿ ನೀರು ಬಂತು, ಕಾಲು ಬರಲಿಲ್ಲ. ರಂಗಮ್ಮ ಬೀದಿಗೆ ಓಡಿಬಂದರೆ ಪಕ್ಕದ ಮನೆಯವಳು ತನ್ನ ಮಗುವನ್ನು ಎತ್ತಿಕೊಂಡು ಇತ್ತಲೇ ಓಡಿಬರುತ್ತಿದ್ದಳು. ಅದಕ್ಕೂ ಅದೇ. ಅದರಾಚೆಯ ಮನೆಯದಕ್ಕೂ ಅದೇ. ಕೇರಿಯ ಹೆಂಗಸರೆಲ್ಲ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತರು. ಅತ್ತದ್ದು ಆಮೇಲೆ.

ಇಷ್ಟಕ್ಕೇ ನಿಂತಿದ್ದರೆ ಬೇರೆ ಮಾತು. ಮೂರು ಗಂಟೆಯ ಹೊತ್ತಿಗೆ ಬಲಗಾಲು ಮಡಚಿದ್ದವರು ಎಡಗಾಲು ಮಡಚಿದರು.

ಟೆಂಪೊದಿಂದ ಮೇಷ್ಟ್ರು ಇಳಿದಾಗ ಸ್ಕೂಲಿನ ಅಂಗಳದಲ್ಲಿ ಇಡೀ ಊರಿತ್ತು. ನಡುವೆ ಮಕ್ಕಳು, ಸಾಲಾಗಿ, ಒಂಟಿಕಾಲಲ್ಲಿ. ಜಗಲಿಯ ಕುರ್ಚಿಯಲ್ಲಿ ಸುದ್ದಿ ಕೇಳಿ ಓಡಿಬಂದಿದ್ದ ಲತಾಮಣಿ, ಮಡಿಲಲ್ಲಿ ಐಸ್ ಡಬ್ಬ. ಅವಳನ್ನು ಯಾರೂ ಬೈದಿರಲಿಲ್ಲ. ಕುಡಿಯಲು ನೀರನ್ನೂ ಕೊಟ್ಟಿರಲಿಲ್ಲ. ಆಸ್ಪತ್ರೆಯಿಂದ ಜೀಪಿನಲ್ಲಿ ಬಂದಿದ್ದ ಡಾಕ್ಟರ್ ಸಿದ್ಧಾರ್ಥ ಮೊಣಕಾಲೂರಿ ಕೂತು ಮಕ್ಕಳ ಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತಿದ್ದರು. ಜೀಪಿಗೆ ಒರಗಿಕೊಂಡು ಇನ್ನೊಬ್ಬರು ನಿಂತಿದ್ದರು. ಅವರನ್ನು ನೋಡಿದ ಕೂಡಲೇ ಮೇಷ್ಟ್ರ ಒಂದು ಕಾಲೂ ಹೋದ ಹಾಗಾಯಿತು. ಯಶೋಧರಾ ಮೇಡಂ. ನಾಳೆಯ ಭೇಟಿಗೆಂದು ಇವತ್ತೇ ಹಳೇಬೀಡಿಗೆ ಬಂದಿದ್ದವರು ಸುದ್ದಿ ಕೇಳಿ ಡಾಕ್ಟರ ಜೀಪಿನಲ್ಲೇ ಬಂದಿದ್ದರು.

ಕಾಲಿನಲ್ಲಿ ಏನೂ ದೋಷವಿಲ್ಲ ಎಂದರು ಡಾಕ್ಟರು. ತಟ್ಟಿದರೆ ಎಗರುತ್ತದೆ, ಮುಟ್ಟಿದರೆ ಬೆಚ್ಚಗಿದೆ.

"ಸುತ್ತಿಗೇಲಿ ಹೊಡುದ್ರೆ ನನ್ ಕಾಲೂ ಎಗರ್ತೈತೆ" ಎಂದ ಬೋರಯ್ಯ. "ಸಾಹೇಬ್ರೇ, ಮಧ್ಯಾಹ್ನ ಬಲಗಾಲು. ಈಗ ಎಡಗಾಲು. ಕಾಯ್ಲೆ ಒಳಗೇ ಓಡಾಡ್ತೈತೆ. ಸಂಜೀಕೆ ಅದು ಕೈಗೆ ಬತ್ತದೆ, ನೋಡ್ತಾ ಇರಿ."

ಡಾಕ್ಟರಿಗೆ ಓದಿದ ಯಾವ ಪುಸ್ತಕದಲ್ಲೂ ಕಾಲು ಬದಲಾಯಿಸುವ ರೋಗ ನೆನಪಿಗೆ ಬರಲಿಲ್ಲ. ಅವರು ಸುತ್ತಿಗೆಯನ್ನೇ ತಿರುಗಿಸಿ ನೋಡಿದರು. ಡಾಕ್ಟರು ಸುತ್ತಿಗೆ ನೋಡಿದ್ದನ್ನು ಕಂಡು ಹೆಂಗಸರ ಕಡೆ ಅಳು ಎದ್ದಿತು.

ಮೇಷ್ಟ್ರಿಗೆ ಇನ್ನು ತಡೆಯಲಾಗಲಿಲ್ಲ. ಜನರನ್ನು ಸೀಳಿಕೊಂಡು ಮುಂದೆ ಬಂದು, ಬಟ್ಟೆಯ ಪೊಟ್ಟಣವನ್ನು ಎದೆಗವಚಿಕೊಂಡು, ಎಲ್ಲವನ್ನೂ ಒಪ್ಪಿಕೊಂಡರು. ಎಲ್ಲವನ್ನೂ ಎಂದರೆ ಅವರಿಗೆ ನೆನಪಿದ್ದದ್ದನ್ನು.

"ಸಿಸ್ಟರ್‌ದು ತಪ್ಪಿಲ್ಲ. ಸಿರಿಗೆ ನಾನೇ ಮೂರು ಹನಿ ಹಾಕ್ಬಿಟ್ಟೆ."

ಊರು ಬೆಚ್ಚಿ ಹಿಂದೆ ಸರಿಯಿತು. ಡಾಕ್ಟರಿಗೆ ಮಾತ್ರ ನಗು ಬಂತು. ಒಂದು ಹನಿ ಹೆಚ್ಚಾದರೆ ಏನೂ ಆಗುವುದಿಲ್ಲ ಎಂದು ಅವರು ಹೇಳುವಷ್ಟರಲ್ಲಿ, ಡಾಕ್ಟರೇ ಹೆದರಿ ನಗುತ್ತಿದ್ದಾರೆ ಎಂಬ ಸುದ್ದಿ ಅಂಗಳದ ಆ ಕೊನೆ ಮುಟ್ಟಿತ್ತು. ಮೂರು ಹನಿ ಎಂಬುದು ಅಲ್ಲಿಗೆ ಹೋಗುವಾಗ ಮೂರು ಚಮಚ ಆಗಿತ್ತು. ಉಳಿದ ಮಕ್ಕಳ ತಾಯಂದಿರು ತಮ್ಮ ಮಗುವಿಗೆ ಎಷ್ಟು ಎಂದು ಕೇಳತೊಡಗಿದರು. ಮೇಷ್ಟ್ರು ಮೊದಲು ಎರಡು ಎಂದರು, ಆಮೇಲೆ ಖಾತ್ರಿಯಿಲ್ಲ ಎಂದರು. ಜೀವಮಾನದಲ್ಲಿ ಇಷ್ಟು ಪ್ರಾಮಾಣಿಕವಾಗಿ ಅವರು ಎಂದೂ ಇರಲಿಲ್ಲ. ಅದರಿಂದ ಇಷ್ಟು ಕೆಡುಕೂ ಎಂದೂ ಆಗಿರಲಿಲ್ಲ.

ಬೋರಯ್ಯ ಲತಾಮಣಿಯ ಮುಂದೆ ಹೋಗಿ ನಿಂತ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಹೆದರಿಕೆಯಾಗುವ ಹಾಗಿತ್ತು.

"ನೀನು ಮಾತು ಕೊಟ್ಟಿದ್ದೆ ಕಣವ್ವ."

ಲತಾಮಣಿ ಎದ್ದಳು. ಮುಂದಿನ ತಿಂಗಳು ಎರಡನೆಯ ಸುತ್ತು, ಅದನ್ನು ಯಾರು ಹಾಕಿದರೂ ಚಿಂತೆಯಿಲ್ಲ, ಬಿಡಬೇಡಿ ಎಂದು ಹೇಳಿದಳು. ಯಾರೂ ಅವಳ ಕಡೆ ನೋಡಲಿಲ್ಲ. ಡಬ್ಬವನ್ನು ಗಾಡಿಗೆ ಕಟ್ಟಲು ಹೊರಟಳು. ಹಗ್ಗದ ಗಂಟು ಎರಡು ಸಲ ಕೈತಪ್ಪಿತು.

ಅದನ್ನು ನೋಡಿ ಮೇಷ್ಟ್ರಿಗೆ ಮುಖವೆಲ್ಲ ಬೆವರಿತು. ಒರೆಸಿಕೊಳ್ಳಲು ಕೈಗೆ ಸಿಕ್ಕದ್ದನ್ನು ಎಳೆದರು. ಪೊಟ್ಟಣ ಬಿಚ್ಚಿತು. ಹೊಸ ಬಟ್ಟೆ, ಜಾರುವ ಬಟ್ಟೆ, ಅಂಗಡಿಯವನು ಸರ್ಕಾರಿ ಕೆರೆಗೆಂದು ಧಾರಾಳವಾಗಿ ಹರಿದುಕೊಟ್ಟ ಬಟ್ಟೆ. ಅದು ಅವರ ಕೈಯಿಂದ ಸರ್ರನೆ ಇಳಿದು, ಗಾಳಿಗೆ ಒಮ್ಮೆ ಉಬ್ಬಿ, ಅಂಗಳದ ಮಣ್ಣಿನ ಮೇಲೆ ನೀಲಿಯಾಗಿ ಹರಡಿಕೊಂಡಿತು.

ಎಲ್ಲ ಮಕ್ಕಳ ತಲೆಯೂ ಒಟ್ಟಿಗೇ ಆ ಕಡೆ ತಿರುಗಿತು.

ಸಿರಿ ಮೊದಲು ಹೊರಟಳು. ಒಂಟಿಕಾಲಲ್ಲೇ ನೆಗೆದು ನೆಗೆದು ಬಂದು ಬಟ್ಟೆಯ ಅಂಚಿನಲ್ಲಿ ನಿಂತಳು. ಉಳಿದವರೂ ಬಂದರು. ಸುತ್ತುಗಟ್ಟಿ, ಬಲಗೈಗಳನ್ನು ಮೂಗಿನ ಮುಂದೆ ಚೂಪಾಗಿ ಎತ್ತಿ ಹಿಡಿದು, ಕತ್ತು ಬಾಗಿಸಿ, ನೀಲಿಯನ್ನು ನೋಡುತ್ತ ನಿಂತರು. ಡಾಕ್ಟರ ಕೈಯಿಂದ ಸುತ್ತಿಗೆ ಬಿತ್ತು. ಒಬ್ಬ ಮುದುಕಿ ಸೆರಗು ಗಂಟಿನಿಂದ ಕಾಸು ತೆಗೆದು ಮುಡಿಪು ಕಟ್ಟತೊಡಗಿದಳು.

ಕಲ್ಲೇಶಪ್ಪ ಮೇಷ್ಟ್ರಿಗೆ ಮಧ್ಯಾಹ್ನ ಹನ್ನೆರಡು ಗಂಟೆ ನೆನಪಾಯಿತು.

ಅವರು ಯಶೋಧರಾ ಮೇಡಂ ಕಡೆ ನೋಡಿದರು. ಮೇಡಂ ಕೊಕ್ಕುಗಳನ್ನು ನೋಡಿದರು, ಬಟ್ಟೆಯನ್ನು ನೋಡಿದರು, ಬಿಲ್ಲೆಯನ್ನು ನೋಡಿದರು. ಮೇಷ್ಟ್ರು ಬಗ್ಗಿ ಬಟ್ಟೆಯ ಒಂದು ಮೂಲೆ ಹಿಡಿದರು. ಮಡಚಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋಗಿಬಿಟ್ಟರೆ ನಾಳೆ ಬೆಳಗಾಗುವ ಹೊತ್ತಿಗೆ ಮಕ್ಕಳು ಮಲಗೆದ್ದು ತಾವೇ ಸರಿಹೋಗುತ್ತಾರೆ. ಯಾರಿಗೂ ಏನೂ ತಿಳಿಯುವುದಿಲ್ಲ. ಬೇಲೂರಿನ ಹುದ್ದೆಯೂ ಉಳಿಯಬಹುದು. ಗೇಟಿನ ಹತ್ತಿರ ಲತಾಮಣಿ ಗಾಡಿಯ ಸ್ಟ್ಯಾಂಡ್ ತೆಗೆಯುತ್ತಿದ್ದಳು.

ಮೇಷ್ಟ್ರು ಮೂಲೆಯನ್ನು ಬಿಟ್ಟರು.

"ಮಕ್ಕಳೇ, ಆಟ ಮುಗೀತು" ಎಂದರು. "ಕಾಲು ಬಿಡ್ರಪ್ಪ."

ಒಂದು ಕೊಕ್ಕೂ ಅಲ್ಲಾಡಲಿಲ್ಲ. ಯಾರು ಬಂದು ಏನೇ ಹೇಳಲಿ ಎಂದು ಹೇಳಿಕೊಟ್ಟವರು ಅವರೇ. ಇದೊಂದು ಆಟ, ನಾನೇ ಆಡಿಸಿದ್ದು ಎಂದು ಊರಿಗೆ ಹೇಳಿದರು. ಊರು ನಂಬಲಿಲ್ಲ. ಮೂರು ಚಮಚ ಹಾಕಿ ಈಗ ಆಟ ಅಂತಾನೆ ಎಂದು ಹಿಂದಿನಿಂದ ಒಬ್ಬ ಅಂದ. ಬೋರಯ್ಯ ಮೇಷ್ಟ್ರ ಮುಖವನ್ನೇ ದಿಟ್ಟಿಸಿ, ಆಟವಾದರೆ ನಿಲ್ಲಿಸು ನೋಡೋಣ ಎಂದ. ಮೇಷ್ಟ್ರು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಗುಂಪಿನ ಆ ಕಡೆಯಿಂದ ಇದನ್ನು ನೋಡುತ್ತಿದ್ದ ವಿಶಾಲಮ್ಮನಿಗೆ ನಡುಮನೆಯ ಚಾಪೆ ನೆನಪಾಯಿತು. ಅವರು ಸೆರಗು ಸಿಕ್ಕಿಸಿಕೊಂಡು, ಜನರನ್ನು ಬದಿಗೊತ್ತಿ ನೇರ ಬಂದು ಗಂಡನ ಮುಂದೆ ಕೈ ಚಾಚಿದರು.

"ಕನ್ನಡಕ ಕೊಡಿ ಇಲ್ಲಿ."

ಮೇಷ್ಟ್ರು ಕೊಟ್ಟರು. ಇಸ್ತ್ರಿ ಪ್ಯಾಂಟಿನ ಮೊಣಕಾಲನ್ನು ಒಮ್ಮೆ ಸವರಿಕೊಂಡರು. ಆಮೇಲೆ ಕಟ್ಟೆಕೊಪ್ಪಲಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ಟರು ಇಡೀ ಊರಿನ ಎದುರಿಗೆ, ಡಾಕ್ಟರ ಎದುರಿಗೆ, ಮೇಡಂ ಎದುರಿಗೆ, ನೀಲಿ ಬಟ್ಟೆಯ ಮೇಲೆ ಹೊಟ್ಟೆಯಡಿಯಾಗಿ ಮಲಗಿದರು. ಕೈಗಳನ್ನು ಮೈಗಂಟಿಸಿಕೊಂಡರು. ಸೊಂಟ ತಿರುಗಿಸಿದರು. ಮೊದಲು ಸ್ವಲ್ಪ ನಾಚಿಕೊಂಡು ಈಜಿದರು. ಹೀಗೆ ಈಜಿದರೆ ಯಾವ ಕೊಕ್ಕರೆಯೂ ನಂಬುವುದಿಲ್ಲವೆಂದು ಗೊತ್ತಾಗಿ, ಬಾಯಿ ದುಂಡಗೆ ತೆರೆದು ಮುಚ್ಚುತ್ತ, ಕಾಲುಗಳನ್ನು ಜೋಡಿಸಿ ಬಾಲದಂತೆ ಬಡಿಯುತ್ತ ಈಜಿದರು. ಅರಸೀಕೆರೆಯಲ್ಲೂ ಅವರು ಹೀಗೆ ಈಜಿರಲಿಲ್ಲ. ಒಂದು ಕಡೆ ಪ್ಯಾಂಟಿನ ಹೊಲಿಗೆ ಸದ್ದು ಮಾಡಿತು. ಮೀನು ಲೆಕ್ಕಿಸಲಿಲ್ಲ.

ಜನ ನಗಲಿಲ್ಲ. ನಗುವುದಕ್ಕೆ ಮೊದಲು ಏನಾಗುತ್ತಿದೆಯೆಂದು ತಿಳಿಯಬೇಕಲ್ಲ.

ಸಿರಿ ಬಗ್ಗಿದಳು. ಕೊಕ್ಕು ಇಳಿಯಿತು. ಮೀನಿನ ಎಡಗಿವಿ ಆದಷ್ಟೂ ಬಿಗಿಯಾಗಿ ಹಿಡಿದುಕೊಂಡು, ಎರಡೂ ಕಾಲನ್ನು ಧಪ್ಪನೆ ನೆಲಕ್ಕೂರಿ, ಮಧ್ಯಾಹ್ನದಿಂದ ಕೂಡಿಟ್ಟುಕೊಂಡಿದ್ದ ದನಿಯಲ್ಲಿ ಕೂಗಿದಳು.

"ಮೀನು ನಂದು, ಬೆಲ್ಲೂ ನಂದು!"

ಆಮೇಲಿನದು ಹೇಳುವ ಹಾಗಿರಲಿಲ್ಲ. ಉಳಿದ ಕೊಕ್ಕರೆಗಳೆಲ್ಲ ಎರಡೆರಡು ಕಾಲಲ್ಲಿ ಮೀನಿನ ಮೇಲೆ ಬಿದ್ದವು. ಎಲ್ಲವೂ ಒಟ್ಟಿಗೆ ಮಾತಾಡಿದವು. ಅವಳು ಮುಂಚೆ ಕಾಲೂರಿದಳು, ಇವನು ಮನೆಯಲ್ಲಿ ನಿದ್ದೆ ಮಾಡುವಾಗ ಊರಿದ್ದ, ಒಬ್ಬಟ್ಟು ಎಲ್ಲಿ. ಸಿರಿ ಯಾರನ್ನೂ ಕಾಯದೆ ಹೊಂಗೆ ಮರದ ಕಡೆ ಓಡಿದಳು. ಎರಡೂ ಕಾಲಲ್ಲಿ, ಲಂಗ ಎತ್ತಿಕೊಂಡು ಓಡಿದಳು. ಕಲ್ಲೆತ್ತಿ ರೈಲುಕಂಬಿಗೆ ಹೊಡೆದ ಹೊಡೆತಕ್ಕೆ ಗೇಟು ದಾಟಿದ್ದ ಲತಾಮಣಿ ಗಾಡಿ ನಿಲ್ಲಿಸಿ ಹಿಂತಿರುಗಿ ನೋಡಿದಳು. ಬೋರಯ್ಯ ಬಹಳ ಹೊತ್ತು ಮೊಮ್ಮಗಳ ಕಾಲುಗಳನ್ನೇ ನೋಡಿದ. ಆಮೇಲೆ ಗೇಟಿನವರೆಗೆ ನಡೆದುಹೋಗಿ, ಗಾಡಿಗೆ ಕಟ್ಟಿದ್ದ ಡಬ್ಬವನ್ನು ತಾನೇ ಬಿಚ್ಚಿ, ತಂದು ಜಗಲಿಯ ಕುರ್ಚಿಯ ಮೇಲಿಟ್ಟ. ಹೆಂಡತಿಯ ಕಡೆ ತಿರುಗಿ, ಲತಾಮಣಿಯನ್ನು ತೋರಿಸಿ, ಆ ಮಗೀಗೆ ಮಧ್ಯಾಹ್ನದಿಂದ ಯಾರಾದರೂ ನೀರು ಕೊಟ್ಟಿರಾ ಎಂದು ಗದರಿದ.

ಮೀನನ್ನು ಡಾಕ್ಟರೂ ವಿಶಾಲಮ್ಮನೂ ಸೇರಿ ಎತ್ತಿ ನಿಲ್ಲಿಸಿದರು. ಕನ್ನಡಕ ಹಾಕಿಕೊಂಡು ನೋಡಿದರೆ ಎದುರಿಗೆ ಯಶೋಧರಾ ಮೇಡಂ. ಅವರು ಮೂಗಿನ ಕೆಳಗೆ ಕರ್ಚೀಫು ಹಿಡಿದುಕೊಂಡಿದ್ದರು. ಅಳುತ್ತಿದ್ದರೋ ನಗುತ್ತಿದ್ದರೋ ಮೇಷ್ಟ್ರಿಗೆ ಕೊನೆಗೂ ಗೊತ್ತಾಗಲಿಲ್ಲ. ಇಷ್ಟು ಹೊತ್ತು ಒಂಟಿಕಾಲಲ್ಲಿ ನಿಲ್ಲುವ ಮಕ್ಕಳನ್ನು ತಾವು ಎಲ್ಲಿಯೂ ನೋಡಿಲ್ಲವೆಂದರು. ಬೇಲೂರಿನ ವಿಷಯ ಮಾತ್ರ ಈಗ ಬೇಡವೆಂದರು.

"ಅರಸೀಕೆರೆಗೆ ಇನ್ನೊಂದ್ಸಲ ಬನ್ನಿ ಸರ್. ಆಟ ಶುರು ಮಾಡೋದು ಹೇಳ್ಕೊಟ್ವಿ, ಮುಗಿಸೋದು ಹೇಳ್ಕೊಡೋದು ಮರ್ತಿದ್ವಿ ಅನ್ಸುತ್ತೆ." ಸ್ವಲ್ಪ ತಡೆದು, "ಅಂದ ಹಾಗೆ, ಆ ಬಿಲ್ಲೆ ನಮ್ಮದು" ಎಂದರು.

ಮೇಷ್ಟ್ರು ಜೇಬು ತಡವಿಕೊಂಡರು. ಬಿಲ್ಲೆ ಕೆರೆಯ ಪಾಲಾಗಿತ್ತು. ಒಂದನೇ ತರಗತಿಯವನೊಬ್ಬ ಅದನ್ನು ಹೆಕ್ಕಿ ಅಂಗಿಗೆ ಸಿಕ್ಕಿಸಿಕೊಂಡು ಆಗಲೇ ಹತ್ತು ಮನೆ ದಾಟಿದ್ದ.

ತಿಂಗಳು ಕಳೆದು ಎರಡನೆಯ ಸುತ್ತು ಬಂತು. ಲತಾಮಣಿ ಬೆಳಗ್ಗೆಯೇ ಡಬ್ಬ ಇಟ್ಟುಕೊಂಡು ಜಗಲಿಯಲ್ಲಿ ಕೂತಳು. ಕಟ್ಟೆಕೊಪ್ಪಲಿನ ಒಂದು ಮನೆಯೂ ತಪ್ಪಿಸಲಿಲ್ಲ. ಬೋರಯ್ಯನ ಕೇರಿ ಎಲ್ಲರಿಗಿಂತ ಮುಂಚೆ ಬಂತು, ಅದರ ಮುಂದೆ ಬೋರಯ್ಯ. ಮೇಷ್ಟ್ರು ಬಾಟಲಿ ಕೈಗೆತ್ತಿಕೊಂಡು, ಹೆಬ್ಬೆರಳನ್ನು ಬಹಳ ಎಚ್ಚರಿಕೆಯಿಂದ ಜೋಡಿಸಿಕೊಂಡು, ಸಿರಿಗೆ ಬಾಯಿ ತೆರೆ ಎಂದರು.

ಸಿರಿ ತೆರೆಯಲಿಲ್ಲ. ತುಟಿ ಬಿಗಿದುಕೊಂಡು, ಒಂದು ಕಾಲು ಮಡಚಿ, ಬಲಗೈಯನ್ನು ಮೂಗಿನ ಮುಂದೆ ಹಿಡಿದಳು. ಅವಳ ಹಿಂದಿನವನೂ ಹಾಗೇ ಮಾಡಿದ. ಗೇಟಿನವರೆಗೂ ಸಾಲು ಒಂಟಿಕಾಲಲ್ಲಿ ನಿಂತಿತು. ತಾಯಂದಿರು ಯಾರೂ ಗಾಬರಿಯಾಗಲಿಲ್ಲ. ಮನೆಯಿಂದ ನೀಲಿ ಸೀರೆ ತಂದಿದ್ದ ರಂಗಮ್ಮ ಅದನ್ನು ಜಗಲಿಯ ಕೆಳಗೆ ಹಾಸಿ, ಸುಕ್ಕು ಬಿಡಿಸಿದಳು.

ಮೇಷ್ಟ್ರು ಲತಾಮಣಿಯ ಕಡೆ ನೋಡಿದರು. ಅವಳು ಐಸ್ ಡಬ್ಬದೊಳಗೆ ಏನನ್ನೋ ಹುಡುಕುವವಳಂತೆ ತಲೆ ತಗ್ಗಿಸಿಕೊಂಡಳು. ಬೋರಯ್ಯನ ಕಡೆ ನೋಡಿದರು. ಬಿಸಿಲೇರುತ್ತದೆ, ಬೇಗ ಆಗಲಿ ಎಂಬಂತೆ ಅವನು ಆಕಾಶ ನೋಡಿದ. ಕೊನೆಗೆ ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು.

ವಿಶಾಲಮ್ಮ ಆಗಲೇ ಕೈ ಚಾಚಿಕೊಂಡು ನಿಂತಿದ್ದರು.